ಮಳೆಗಾಲದ ಸೀನು, ಉಬ್ಬಸ: ಕಾರಣ ಮನೆಯೊಳಗೇ ಇರಬಹುದು

ಜೂನ್ ತಿಂಗಳಲ್ಲಿ ಶಾಲೆ ಆರಂಭವಾಗಿ ಮಳೆ ಹಿಡಿಯಿತೆಂದರೆ ನಮ್ಮ ಕರಾವಳಿಯ ಅನೇಕ ಮನೆಗಳಲ್ಲಿ ಒಂದೇ ಕಥೆ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೇ ಹತ್ತು ಹದಿನೈದು ಸೀನು, ಮೂಗಿನಿಂದ ನೀರು, ಕಣ್ಣಿನಲ್ಲಿ ತುರಿಕೆ. ರಾತ್ರಿ ಮಲಗಿದ ಮೇಲೆ ಒಣ ಕೆಮ್ಮು, ಕೆಲವರಿಗೆ ಎದೆಯಲ್ಲಿ ಸುಂಯ್ ಎಂಬ ಶಬ್ದ. "ಮಳೆಯಲ್ಲಿ ನೆನೆದದ್ದೇ ಕಾರಣ", "ಮಜ್ಜಿಗೆ ಕುಡಿದದ್ದೇ ಕಾರಣ" ಎಂದು ಮನೆಯವರು ತೀರ್ಮಾನಿಸುತ್ತಾರೆ. ಮಗುವಿಗೆ ಬಾಳೆಹಣ್ಣು ನಿಲ್ಲುತ್ತದೆ, ಮೊಸರು ನಿಲ್ಲುತ್ತದೆ, ಆಟ ನಿಲ್ಲುತ್ತದೆ. ಸೀನು ಮಾತ್ರ ನಿಲ್ಲುವುದಿಲ್ಲ.

ನನ್ನ ಅಕ್ಕನ ಮನೆಯಲ್ಲಿಯೂ ಹೀಗೆಯೇ ಆಗುತ್ತಿತ್ತು. ಅವಳ ಮಗ ಒಂಬತ್ತು ವರ್ಷದವನಾಗುವಷ್ಟರಲ್ಲಿ ಪ್ರತೀ ಮಳೆಗಾಲದಲ್ಲಿ ಎರಡು ಮೂರು ವಾರ ಶಾಲೆ ತಪ್ಪಿಸುವುದು ಮಾಮೂಲಾಗಿತ್ತು. ವೈದ್ಯರು ಇನ್ಹೇಲರ್ ಬರೆದುಕೊಟ್ಟಿದ್ದರು. "ಅದು ಅಭ್ಯಾಸವಾಗಿ ಬಿಡುತ್ತದೆ, ಕೊಡಬೇಡ" ಎಂದು ಯಾರೋ ಹೇಳಿದ್ದನ್ನು ನಂಬಿ ಅಕ್ಕ ಅದನ್ನು ನಿಲ್ಲಿಸಿದ್ದಳು. ಆಗಸ್ಟ್ ತಿಂಗಳ ಒಂದು ರಾತ್ರಿ ಎರಡು ಗಂಟೆಗೆ ಹುಡುಗನಿಗೆ ಮಾತನಾಡಲೂ ಉಸಿರು ಸಾಲದಾಯಿತು. ಸುರಿಯುವ ಮಳೆಯಲ್ಲಿ ರಿಕ್ಷಾದಲ್ಲಿ ಆಸ್ಪತ್ರೆಗೆ ಕೊಂಡೊಯ್ದೆವು. ಹುಡುಗ ಉಳಿದ. ಮರುದಿನ ವೈದ್ಯರು ಔಷಧಿಯ ಬಗ್ಗೆ ಹೇಳಿದ ಬಳಿಕ ಒಂದು ಪ್ರಶ್ನೆ ಕೇಳಿದರು: "ಇವನು ಮಲಗುವ ಕೋಣೆ ಹೇಗಿದೆ?"

ಆ ಪ್ರಶ್ನೆಯನ್ನು ಅದುವರೆಗೆ ನಾವ್ಯಾರೂ ಕೇಳಿಕೊಂಡಿರಲಿಲ್ಲ. ಈ ಲೇಖನ ಅದೇ ಪ್ರಶ್ನೆಯ ಬಗ್ಗೆ.

ಅಲರ್ಜಿ ಎಂದರೇನು?

ನಮ್ಮ ದೇಹಕ್ಕೆ ರೋಗಾಣುಗಳಿಂದ ರಕ್ಷಣೆ ನೀಡುವ ಒಂದು ವ್ಯವಸ್ಥೆ ಇದೆ. ಕೆಲವರಲ್ಲಿ ಈ ವ್ಯವಸ್ಥೆ ತಪ್ಪು ತಿಳಿದುಕೊಂಡು, ಧೂಳು, ಪರಾಗ, ಸಿಗಡಿಯಂತಹ ನಿರಪಾಯ ವಸ್ತುಗಳನ್ನೂ ವೈರಿಗಳೆಂದು ಎಣಿಸುತ್ತದೆ. ಮನೆಗೆ ಬಂದ ನೆಂಟನನ್ನು ಕಳ್ಳನೆಂದು ತಿಳಿದು ನಾಯಿ ಬೊಗಳಿದ ಹಾಗೆ. 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಇದಕ್ಕೆ 'ಅಲರ್ಜಿ' ಎಂಬ ಹೆಸರು ಕೊಟ್ಟರು. ಇದರ ಹಿಂದೆ ಕೆಲಸ ಮಾಡುವ ಐಜಿಇ ಎಂಬ ಪ್ರತಿಕಾಯವನ್ನು 1960ರ ದಶಕದಲ್ಲಿ ಜಪಾನಿನ ದಂಪತಿ ಕಿಮಿಶಿಗೆ ಇಶಿಝಾಕಾ ಮತ್ತು ತೆರುಕೊ ಇಶಿಝಾಕಾ ಗುರುತಿಸಿದರು.

ಒಮ್ಮೆ ದೇಹ ಒಂದು ವಸ್ತುವಿನ ವಿರುದ್ಧ ಐಜಿಇ ತಯಾರಿಸಿಕೊಂಡಿತೆಂದರೆ, ಮುಂದೆ ಆ ವಸ್ತು ಮೂಗಿಗೋ ಶ್ವಾಸಕೋಶಕ್ಕೋ ಹೊಕ್ಕಾಗಲೆಲ್ಲ ಹಿಸ್ಟಮಿನ್ ಮುಂತಾದ ರಾಸಾಯನಿಕಗಳು ಬಿಡುಗಡೆಯಾಗುತ್ತವೆ. ಮೂಗಿನಲ್ಲಿ ಬಿಡುಗಡೆಯಾದರೆ ಸೀನು, ಚರ್ಮದಲ್ಲಿ ಆದರೆ ದದ್ದು, ಶ್ವಾಸನಾಳದಲ್ಲಿ ಆದರೆ ಉಬ್ಬಸ. ತಂದೆ ತಾಯಿಯರಲ್ಲಿ ಒಬ್ಬರಿಗೆ ಅಲರ್ಜಿ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು. ಆದರೆ ಇದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ.

ಶೀತವೋ, ಅಲರ್ಜಿಯೋ?

ಸಾಮಾನ್ಯ ಶೀತವಾದರೆ ಮೈಕೈ ನೋವು, ಗಂಟಲು ನೋವು, ಕೆಲವೊಮ್ಮೆ ಜ್ವರ ಇರುತ್ತದೆ. ವಾರ ಹತ್ತು ದಿನಗಳಲ್ಲಿ ಗುಣವಾಗುತ್ತದೆ. ಅಲರ್ಜಿಯಲ್ಲಿ ಜ್ವರ ಇರುವುದಿಲ್ಲ. ಮೂಗಿನ ನೀರು ತೆಳ್ಳಗೆ, ಬಣ್ಣವಿಲ್ಲದೆ ಇರುತ್ತದೆ. ಮೂಗು, ಕಣ್ಣು, ಅಂಗುಳ ತುರಿಸುತ್ತವೆ. ಮಗು ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜುತ್ತಲೇ ಇರುತ್ತದೆ. ಇದು ವಾರಗಟ್ಟಲೆ ಮುಂದುವರಿಯುತ್ತದೆ, ಅಥವಾ ಒಂದು ನಿರ್ದಿಷ್ಟ ಸ್ಥಳ, ಸಮಯ, ಕೆಲಸದೊಡನೆ ಮತ್ತೆ ಮತ್ತೆ ಬರುತ್ತದೆ.

ಒಂದು ಎಚ್ಚರಿಕೆ: ಎರಡು ವಾರಗಳಿಗಿಂತ ಹೆಚ್ಚು ಕಾಲ ಇರುವ ಎಲ್ಲ ಕೆಮ್ಮನ್ನೂ ಅಲರ್ಜಿ ಎಂದು ನೀವೇ ನಿರ್ಧರಿಸಬೇಡಿ. ಸಂಜೆಯ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ ಕಂಡರಂತೂ ಕ್ಷಯರೋಗದ ಪರೀಕ್ಷೆ ಮಾಡಿಸಲೇಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಉಚಿತ.

ಕರಾವಳಿಯ ತೇವ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗಿಂತಲೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಜುಲೈಯಲ್ಲಿ ಗಾಳಿಯ ತೇವಾಂಶ ಶೇಕಡಾ 85ರಿಂದ 90ರ ಆಸುಪಾಸಿನಲ್ಲಿರುತ್ತದೆ. ಹಾಸಿಗೆ ಬಿಸಿಲು ಕಾಣುವುದಿಲ್ಲ, ಬಟ್ಟೆ ಒಣಗುವುದಿಲ್ಲ, ಚಪ್ಪಲಿ, ಬೆಲ್ಟ್, ಬೀರುವಿನೊಳಗಿನ ಕೋಟು, ಎಲ್ಲದರ ಮೇಲೂ ಬೂಷ್ಟು. ಇರಚಲು ಹೊಡೆಯುತ್ತದೆಂದು ಕಿಟಕಿ ಬಾಗಿಲು ಮುಚ್ಚಿರುತ್ತೇವೆ. ಮನೆಯೊಳಗಿನ ಅಲರ್ಜಿಕಾರಕಗಳಲ್ಲಿ ಮುಖ್ಯವಾದ ಎರಡಕ್ಕೆ, ಅಂದರೆ ಧೂಳಿನ ನುಸಿಗೆ ಮತ್ತು ಬೂಷ್ಟಿಗೆ, ಇದಕ್ಕಿಂತ ಒಳ್ಳೆಯ ಕಾಲ ಬೇರೆ ಇಲ್ಲ.

ಹಾಸಿಗೆಯೊಳಗಿನ ನುಸಿ

1990ರ ದಶಕದ ಕೊನೆಯಲ್ಲಿ ಬಂದ ತೆಂಗಿನ ನುಸಿ ಪೀಡೆ ನಮ್ಮ ಕೃಷಿಕರಿಗೆ ಮರೆತಿಲ್ಲ. ಮನೆಯ ಧೂಳಿನ ನುಸಿ ಅದರ ದೂರದ ಸಂಬಂಧಿ. ಉದ್ದ ಸುಮಾರು 0.3 ಮಿಲಿಮೀಟರ್, ಬರಿಗಣ್ಣಿಗೆ ಕಾಣದು. ಕಚ್ಚುವುದಿಲ್ಲ, ಆದ್ದರಿಂದ ಇದು ತಿಗಣೆಯಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಇದರ ಆಹಾರ. ವಿಜ್ಞಾನಿಗಳು ಕೊಟ್ಟ ಡರ್ಮಟೋಫಗಾಯ್ಡಿಸ್ ಎಂಬ ಹೆಸರಿನಲ್ಲೇ 'ಚರ್ಮ ತಿನ್ನುವುದು' ಎಂಬ ಅರ್ಥವಿದೆ. ಮನೆ ಧೂಳಿನ ಅಲರ್ಜಿಗೆ ಈ ನುಸಿಯೇ ಮುಖ್ಯ ಕಾರಣವೆಂದು 1964ರಲ್ಲಿ ಹಾಲೆಂಡಿನ ಲೈಡನ್ ನಗರದ ಸಂಶೋಧಕರು ತೋರಿಸಿಕೊಟ್ಟರು. ಆ ನಗರವೂ ತೇವದ ತವರು.

ತೊಂದರೆ ಕೊಡುವುದು ನುಸಿಗಿಂತ ಹೆಚ್ಚಾಗಿ ಅದರ ಹಿಕ್ಕೆ. ಒಂದು ನುಸಿ ದಿನಕ್ಕೆ ಸುಮಾರು 20 ಹಿಕ್ಕೆ ಹಾಕುತ್ತದೆ. ಹಾಸಿಗೆ ಕೊಡವಿದಾಗ, ಮಕ್ಕಳು ಅದರ ಮೇಲೆ ಕುಣಿದಾಗ ಇವು ಗಾಳಿಗೆ ಏಳುತ್ತವೆ. ನಾವು ದಿನದ ಏಳೆಂಟು ಗಂಟೆ ಮೂಗನ್ನು ತಲೆದಿಂಬಿಗೆ ಒತ್ತಿ ಮಲಗುತ್ತೇವೆ. ಬೆಳಗಿನ ಸೀನಿನ ಗುಟ್ಟು ಇಲ್ಲಿದೆ.

ನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತದೆ. ತೇವಾಂಶ ಶೇಕಡಾ 50ಕ್ಕಿಂತ ಕೆಳಗಿಳಿದು ಹಾಗೆಯೇ ಉಳಿದರೆ ಅದು ಒಣಗಿ ಸಾಯುತ್ತದೆ. ನಮ್ಮ ಮಳೆಗಾಲದಲ್ಲಿ ಅದು ಆಗದ ಮಾತು. ಹಾಗಾಗಿ ನಾವು ಮಾಡಬಹುದಾದ ಕೆಲಸಗಳು ಇವು:

- ಏಪ್ರಿಲ್, ಮೇ ತಿಂಗಳಲ್ಲಿ ಹಾಸಿಗೆ, ದಿಂಬು, ಕಂಬಳಿಗಳನ್ನು ಹಲವು ದಿನ ಎರಡೂ ಮಗ್ಗುಲಲ್ಲಿ ಸುಡುಬಿಸಿಲಿಗೆ ಹಾಕಿ. ಬಿಸಿಲಿಗೆ ನುಸಿ ಸತ್ತರೂ ಹಿಕ್ಕೆ ಉಳಿದಿರುತ್ತದೆ. ಆದುದರಿಂದ ಬಡಿದು ಕೊಡವುವುದು ಅಗತ್ಯ. ಅಲರ್ಜಿ ಇರುವವರು ಆ ಹೊತ್ತಿಗೆ ಅಂಗಳದಲ್ಲಿರಬಾರದು.
- ಹಾಸಿಗೆಗೂ ದಿಂಬಿಗೂ ಜಿಪ್ ಇರುವ, ನೇಯ್ಗೆ ಬಿಗಿಯಾದ ಹೊದಿಕೆ ಹಾಕಿ. ಪೇಟೆಯ ವಿಶೇಷ ಹೊದಿಕೆ ದುಬಾರಿ ಎನಿಸಿದರೆ ದಪ್ಪ ರೆಕ್ಸಿನ್ ಹೊಲಿಸಿ ಮೇಲೆ ಹತ್ತಿಯ ಬೆಡ್‌ಶೀಟ್ ಹಾಸಬಹುದು. ಮಳೆಗೆ ಮೊದಲು, ಹಾಸಿಗೆ ಚೆನ್ನಾಗಿ ಒಣಗಿರುವಾಗಲೇ ಇದನ್ನು ಹಾಕಬೇಕು.
- ಬೆಡ್‌ಶೀಟ್, ದಿಂಬಿನ ಚೀಲ, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ತೊಳೆಯಿರಿ. ತಣ್ಣೀರಿನಲ್ಲಿ ಹಿಕ್ಕೆ ಹೋಗುತ್ತದೆ, ನುಸಿ ಸಾಯುವುದಿಲ್ಲ. ಅದಕ್ಕೆ 55ರಿಂದ 60 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಎರಡು ಪಾಲು ಕುದಿಯುವ ನೀರಿಗೆ ಒಂದು ಪಾಲು ತಣ್ಣೀರು ಬೆರೆಸಿ ಬಟ್ಟೆ ಮುಳುಗಿಸಿದರೆ ಅದಕ್ಕೆ ಸಾಕಷ್ಟು ಬಿಸಿ ಸಿಗುತ್ತದೆ. ಮಕ್ಕಳನ್ನು ದೂರವಿಡಿ, ಕೋಲಿನಿಂದ ಒತ್ತಿ, ಕೈ ಹಾಕಬೇಡಿ.
- ಬಟ್ಟೆಯ ಗೊಂಬೆಗಳನ್ನು ತಿಂಗಳಿಗೊಮ್ಮೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಒಂದು ದಿನ ಇಟ್ಟು ಬಳಿಕ ತೊಳೆಯಿರಿ.
- ಮಲಗುವ ಕೋಣೆಯಿಂದ ಕಾರ್ಪೆಟ್, ದಪ್ಪ ಪರದೆ, ಹಳೆಯ ಪುಸ್ತಕಗಳ ರಾಶಿ, ಮಂಚದ ಅಡಿಯ ಗಂಟುಮೂಟೆಗಳನ್ನು ಹೊರಗೆ ಹಾಕಿ.
- ಗುಡಿಸುವಾಗ ಏಳುವ ಧೂಳು ಕೆಳಗೆ ಕೂರಲು ಅರ್ಧ ಗಂಟೆ ಬೇಕು. ಅಲರ್ಜಿ ಇರುವವರು ಮನೆಯಲ್ಲಿ ಇಲ್ಲದಾಗ ಗುಡಿಸಿ, ಬಳಿಕ ಒದ್ದೆ ಬಟ್ಟೆಯಿಂದ ಒರಸಿ. ಫ್ಯಾನಿನ ರೆಕ್ಕೆ, ಬೀರುವಿನ ನೆತ್ತಿ ಮರೆಯಬೇಡಿ. ಗುಡಿಸುವವರಿಗೇ ಅಲರ್ಜಿ ಇದ್ದರೆ ಮೂಗಿಗೆ ಮಾಸ್ಕ್ ಇರಲಿ.

ನಮ್ಮ ಅಕ್ಕನ ಮಗ ಮಲಗುತ್ತಿದ್ದುದು ಅಜ್ಜಿಯ ಕಾಲದ ಹತ್ತಿ ಹಾಸಿಗೆಯಲ್ಲಿ. ಪ್ರೀತಿಯಿಂದ ಅವನಿಗೆಂದೇ ಕೊಟ್ಟದ್ದು. ಅದನ್ನು ತೆಗೆಯೋಣವೆಂದಾಗ ಅಕ್ಕನ ಅತ್ತೆಗೆ ಬೇಸರವಾಯಿತು. ಕೊನೆಗೆ ಅವರೇ ರೆಕ್ಸಿನ್ ತರಿಸಿ ಹೊದಿಕೆ ಹೊಲಿದರು.

ಬೂಷ್ಟು

ಗೋಡೆಯ ಕಪ್ಪು ಚುಕ್ಕೆ, ಚರ್ಮದ ಚೀಲದ ಮೇಲಿನ ಬಿಳಿ ಪುಡಿ, ಬಚ್ಚಲಿನ ಮೂಲೆಯ ಹಸಿರು ಕಪ್ಪು ಪಟ್ಟೆ, ಇವೆಲ್ಲ ಶಿಲೀಂಧ್ರಗಳು. ಆಸ್ಪರ್‌ಜಿಲ್ಲಸ್, ಪೆನಿಸಿಲಿಯಮ್, ಕ್ಲಾಡೋಸ್ಪೋರಿಯಮ್ ಮುಂತಾದ ಇವುಗಳ ಬೀಜಾಣುಗಳು ಧೂಳಿಗಿಂತ ನವಿರು, ಉಸಿರಿನೊಡನೆ ಸಲೀಸಾಗಿ ಒಳಗೆ ಹೋಗುತ್ತವೆ. ಇವುಗಳ ವಾಸನೆ ಬರುವ ಕೋಣೆಯಲ್ಲಿ ಉಬ್ಬಸದವರು ಮಲಗಲೇಬಾರದು.

ಬೂಷ್ಟಿನ ಮೇಲೆ ಬಣ್ಣ ಬಳಿದರೆ ಪ್ರಯೋಜನವಿಲ್ಲ. ಬೂಷ್ಟಿಗೆ ಬೇಕಾದದ್ದು ನೀರು. ನೀರು ಎಲ್ಲಿಂದ ಬರುತ್ತದೆಂದು ಮೊದಲು ಹುಡುಕಬೇಕು: ಒಡೆದ ಹಂಚು, ತಾರಸಿಯ ಬಿರುಕು, ಗೋಡೆಯೊಳಗೆ ಸೋರುವ ಪೈಪು, ಗೋಡೆಗೆ ತಾಗಿಸಿ ಸುರಿದ ಮಣ್ಣು. ಮೇ ತಿಂಗಳಲ್ಲಿ ಹಂಚು ಕೈಯಾಡಿಸುವ ಹಿರಿಯರ ಪದ್ಧತಿ ಆರೋಗ್ಯದ ದೃಷ್ಟಿಯಿಂದಲೂ ಒಳ್ಳೆಯದೇ. ಬೀರು, ಕಪಾಟುಗಳನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಸರಿಸಿ, ಹಿಂದೆ ಗಾಳಿಯಾಡಲಿ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಒಣಗಿಸಬೇಡಿ, ಆ ನೀರೆಲ್ಲ ಕೋಣೆಯ ಗಾಳಿಗೇ ಸೇರುತ್ತದೆ. ಜಗಲಿ ಅಥವಾ ಫ್ಯಾನ್ ಇರುವ ಬೇರೆ ಜಾಗ ಆಗಬಹುದು. ಮಳೆ ಬಿಟ್ಟ ಪ್ರತೀ ಅರ್ಧ ಗಂಟೆಯೂ ಕಿಟಕಿ ತೆರೆಯಿರಿ.

ಬಂದ ಬೂಷ್ಟನ್ನು ಒಣಗಿರುವಾಗ ಉಜ್ಜಬಾರದು. ಸಾಬೂನು ನೀರಿನಿಂದ ಒದ್ದೆ ಮಾಡಿ ಒರಸಿ, ಜಾಗವನ್ನು ಒಣಗಿಸಿ. ಬ್ಲೀಚ್ ದ್ರಾವಣ ಬಳಸುವುದಾದರೆ ಒಂದು ಲೋಟಕ್ಕೆ ಕನಿಷ್ಠ 16 ಲೋಟ ನೀರು ಬೆರೆಸಿ, ಕಿಟಕಿ ತೆರೆದಿಟ್ಟು, ಉಬ್ಬಸ ಇಲ್ಲದವರೇ ಆ ಕೆಲಸ ಮಾಡಲಿ. ಕಕ್ಕಸು ತೊಳೆಯುವ ಆ್ಯಸಿಡ್ ಅಥವಾ ಅಮೋನಿಯಾ ಇರುವ ದ್ರಾವಣದೊಡನೆ ಬ್ಲೀಚನ್ನು ಎಂದೂ ಬೆರೆಸಬೇಡಿ, ಏಳುವ ವಿಷಾನಿಲ ಶ್ವಾಸಕೋಶವನ್ನೇ ಸುಡುತ್ತದೆ.

ಹೊಗೆ

ಹೊಗೆ ಅಲರ್ಜಿಕಾರಕವಲ್ಲ, ಅದು ಕೆರಳಿಸುವ ವಸ್ತು. ಆದರೆ ಅಲರ್ಜಿಯಿಂದ ಆಗಲೇ ಊದಿಕೊಂಡಿರುವ ಶ್ವಾಸನಾಳಕ್ಕೆ ಹೊಗೆ ತಾಗಿದರೆ ಉರಿಯುವ ಗಾಯಕ್ಕೆ ಉಪ್ಪು ಸವರಿದಂತೆ.

ನಮ್ಮಲ್ಲಿ ಅಡುಗೆಮನೆಗೆ ಗ್ಯಾಸ್ ಬಂದಿದ್ದರೂ ಬಚ್ಚಲುಮನೆಯ ಹಂಡೆಯ ಕೆಳಗೆ ತೆಂಗಿನ ಸಿಪ್ಪೆ, ಗೆರಟೆ, ಒಣ ಮಡಲು ಉರಿಯುತ್ತಲೇ ಇರುತ್ತವೆ. ಮಳೆಗಾಲದಲ್ಲಿ ಅವು ಹಸಿಯಾಗಿ ಇನ್ನಷ್ಟು ಹೊಗೆಯಾಡುತ್ತವೆ. ಬಚ್ಚಲಿಗೆ ತಾಗಿದ ಕೋಣೆಯಲ್ಲಿ ಮಗು ಮಲಗಿದ್ದರೆ ಆ ಹೊಗೆ ನೇರ ಅದರ ಎದೆಗೆ. ಸೌದೆಯನ್ನು ಮಳೆಗೆ ಮುನ್ನ ಒಣಗಿಸಿ ಕೊಟ್ಟಿಗೆಯಲ್ಲಿಡಿ, ಒಲೆಗೆ ಸರಿಯಾದ ಹೊಗೆಕೊಳವೆ ಹಾಕಿಸಿ. ಇದು ಸಾಧ್ಯವಿಲ್ಲದಿದ್ದರೆ ಮಗುವಿನ ಕೋಣೆಯನ್ನಾದರೂ ಬದಲಿಸಿ.

ಸೊಳ್ಳೆಬತ್ತಿ ಇನ್ನೊಂದು. ಒಂದು ಸುರುಳಿ ಪೂರ್ತಿ ಉರಿದಾಗ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಕಣಗಳಿಗೆ ಸಮವೆಂದು 2003ರಲ್ಲಿ ಪ್ರಕಟವಾದ, ಚೀನಾ ಮತ್ತು ಮಲೇಷ್ಯಾದ ಸೊಳ್ಳೆಬತ್ತಿಗಳ ಅಧ್ಯಯನ ತಿಳಿಸಿತು. ಹಾಗೆಂದು ಮಲೇರಿಯಾ, ಡೆಂಗ್ಯೂ ಇರುವ ನಮ್ಮೂರಲ್ಲಿ ಸೊಳ್ಳೆಗೆ ಮೈಯೊಡ್ಡಿ ಮಲಗಲಾಗದು. ಸೊಳ್ಳೆಪರದೆ ಕಟ್ಟಿ, ಕಿಟಕಿಗೆ ಜಾಲರಿ ಹಾಕಿಸಿ, ಮನೆಯ ಸುತ್ತ ಗೆರಟೆ, ಟಯರು, ಹೂಕುಂಡದ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಪರದೆಯನ್ನೂ ಎರಡು ವಾರಕ್ಕೊಮ್ಮೆ ತೊಳೆಯಬೇಕು, ಅದೂ ಧೂಳು ಹಿಡಿಯುತ್ತದೆ.

ಊದುಬತ್ತಿ, ಸುಗಂಧದ ಸ್ಪ್ರೇ, ಕಪಾಟಿನ ನಾಫ್ತಲೀನ್ ಗುಳಿಗೆಗಳ ಕಟು ವಾಸನೆಯೂ ಕೆಲವರಿಗೆ ಆಗದು. ಬೀಡಿ, ಸಿಗರೇಟು ಸೇದುವವರು "ನಾನು ಅಂಗಳದಲ್ಲೇ ಸೇದುತ್ತೇನೆ" ಎನ್ನುತ್ತಾರೆ. ಆ ಹೊಗೆಯ ಅಂಶ ಅವರ ಅಂಗಿ, ಕೂದಲಿನಲ್ಲಿ ಮನೆಯೊಳಗೆ ಬರುತ್ತದೆ. ಉಬ್ಬಸದ ಮಗು ಇರುವ ಮನೆಯಲ್ಲಿ ಸೇದುವುದನ್ನು ಬಿಡುವುದೇ ತಂದೆ ಕೊಡಬಹುದಾದ ದೊಡ್ಡ ಔಷಧಿ.

ಜಿರಳೆ ಮತ್ತು ಬೆಕ್ಕು

ಜಿರಳೆಯ ಹಿಕ್ಕೆ, ಜೊಲ್ಲು, ಕಳಚಿದ ಚರ್ಮ ಒಣಗಿ ಪುಡಿಯಾಗಿ ಧೂಳಿನಲ್ಲಿ ಸೇರುತ್ತವೆ. ರಾತ್ರಿ ಎಂಜಲು ಪಾತ್ರೆ ಬಿಡದಿರುವುದು, ಕಸದ ಡಬ್ಬಿ ಮುಚ್ಚುವುದು, ಸಿಂಕಿನ ಅಡಿ ಒಣಗಿರುವುದು, ಬಿರುಕು ಮುಚ್ಚುವುದು ಮೊದಲ ಹೆಜ್ಜೆ. ಸ್ಪ್ರೇ ಹೊಡೆದರೆ ಅದೇ ಉಬ್ಬಸ ಎಬ್ಬಿಸಬಹುದು. ಮೂಲೆಗಳಲ್ಲಿ ಚುಕ್ಕೆಯಂತೆ ಇಡುವ ಜೆಲ್ ಔಷಧಿ ಮೇಲು. ಮಕ್ಕಳ ಕೈಗೆ ಎಟುಕದಂತೆ ಇಡಬೇಕು.

ಬೆಕ್ಕಿನ ಅಲರ್ಜಿಗೆ ಅದರ ಕೂದಲು ಕಾರಣವೆಂದು ತಿಳಿಯುತ್ತಾರೆ. ನಿಜವಾಗಿ ಕಾರಣ ಅದರ ಜೊಲ್ಲು ಮತ್ತು ಚರ್ಮದಲ್ಲಿರುವ ಒಂದು ಪ್ರೋಟೀನ್. ಬೆಕ್ಕು ಮೈ ನೆಕ್ಕಿಕೊಂಡಾಗ ಅದು ಕೂದಲಿಗೆ ಅಂಟುತ್ತದೆ. ಇದು ಬಹಳ ಹಗುರ, ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ. ಬೆಕ್ಕು ಮನೆ ಬಿಟ್ಟು ಹೋದ ಮೇಲೂ ಇದರ ಅಂಶ ತಿಂಗಳುಗಟ್ಟಲೆ ಉಳಿಯುತ್ತದೆ. "ಬೆಕ್ಕನ್ನು ಬಿಟ್ಟು ಬಂದು ವಾರವಾಯಿತು, ಏನೂ ಗುಣವಾಗಲಿಲ್ಲ" ಎನ್ನುವವರು ಇದನ್ನು ತಿಳಿದಿರಬೇಕು. ಆದರೆ ಸಾಕಿದ ಪ್ರಾಣಿಯನ್ನು ಊಹೆಯ ಮೇಲೆ ಹೊರಹಾಕಬೇಡಿ. ಚರ್ಮದ ಪರೀಕ್ಷೆ ಅಥವಾ ರಕ್ತ ಪರೀಕ್ಷೆಯಲ್ಲಿ ಖಚಿತವಾದ ಬಳಿಕ ನಿರ್ಧರಿಸಿ. ಅಲ್ಲಿಯವರೆಗೆ ಅದು ಮಲಗುವ ಕೋಣೆಗೆ ಬಾರದಿದ್ದರೆ ಸಾಕು.

ಹೂವಿಗಿಂತ ಹುಲ್ಲು

ಮಳೆ ಕಡಿಮೆಯಾಗುತ್ತಾ ಬಂದಂತೆ ಗುಡ್ಡ, ಗದ್ದೆಬದುಗಳಲ್ಲಿ ಹುಲ್ಲು ತೆನೆ ಬಿಡುತ್ತದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುನ್ನ ಮಕ್ಕಳು ಹೂ ಕೊಯ್ಯಲು ಹೋಗಿ ಸೀನುತ್ತಾ ಮರಳಿದರೆ ಹೂವನ್ನು ದೂರುವುದುಂಟು. ಬಣ್ಣದ ಹೂವುಗಳ ಪರಾಗ ಭಾರ ಮತ್ತು ಅಂಟು, ಜೇನು ದುಂಬಿಗಳೇ ಅದನ್ನು ಹೊರಬೇಕು. ಗಾಳಿಯಲ್ಲಿ ಹಾರಿ ಮೂಗಿಗೆ ಬರುವುದು ಬಹುಮಟ್ಟಿಗೆ ಹುಲ್ಲಿನ ಪರಾಗ. ಅಲರ್ಜಿ ಇರುವ ಮಗುವನ್ನು ಹಬ್ಬದ ಸಂತೋಷದಿಂದ ತಪ್ಪಿಸಬೇಕಾಗಿಲ್ಲ. ಹುಲ್ಲಿಗಿಳಿಯುವ ಬದಲು ಅಂಗಳದ ದಾಸವಾಳ, ಗೊಂಡೆ ಕೊಯ್ಯಲಿ, ಮರಳಿದ ಕೂಡಲೇ ಬಟ್ಟೆ ಬದಲಿಸಿ ಮುಖ ತೊಳೆಯಲಿ.

ಗೇರುಬೀಜದ ಸಿಪ್ಪೆಯ ಎಣ್ಣೆ ಮತ್ತು ಮಾವಿನ ಸೊನೆ ತಾಗಿದಾಗ ಚರ್ಮ ಬೊಬ್ಬೆ ಬರುವುದು ಬೇರೆ ಬಗೆಯದು. ಈ ಎರಡೂ ಮರ ಒಂದೇ ಕುಟುಂಬದವು. ಒಂದಕ್ಕೆ ಆಗದವರು ಇನ್ನೊಂದರಲ್ಲೂ ಜಾಗ್ರತೆ ವಹಿಸಬೇಕು.

ಊಟದ ವಿಷಯ

ಮಜ್ಜಿಗೆ, ಬಾಳೆಹಣ್ಣಿನಿಂದ ಮೂಗಿನ ಅಲರ್ಜಿ ಬರುವುದು ಅಪರೂಪ. ಪರೀಕ್ಷೆಯಿಲ್ಲದೆ ಮಗುವಿನ ಹಾಲು, ಮೊಟ್ಟೆ, ಮೀನು ನಿಲ್ಲಿಸಿದರೆ ನಷ್ಟ ಅದರ ಬೆಳವಣಿಗೆಗೆ. ನಿಜವಾದ ಆಹಾರ ಅಲರ್ಜಿ ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ತುಟಿ ಊತ, ದದ್ದು, ವಾಂತಿ, ಉಸಿರಾಟದ ತೊಂದರೆಯಾಗಿ ಕಾಣುತ್ತದೆ. ನಮ್ಮಲ್ಲಿ ಸಿಗಡಿ, ಏಡಿ, ಮೊಟ್ಟೆ, ಹಾಲು, ಕಡಲೆಬೀಜ, ಗೇರುಬೀಜಗಳ ಬಗ್ಗೆ ಗಮನವಿರಲಿ. ಧೂಳಿನ ನುಸಿ, ಜಿರಳೆ, ಸಿಗಡಿ ಮೂರರಲ್ಲೂ ಟ್ರೋಪೋಮಯೋಸಿನ್ ಎಂಬ ಒಂದೇ ಬಗೆಯ ಪ್ರೋಟೀನ್ ಇದೆ. ಹಾಗಾಗಿ ನುಸಿಯ ಅಲರ್ಜಿ ಇರುವ ಕೆಲವರಿಗೆ ಸಿಗಡಿಯೂ ಆಗುವುದಿಲ್ಲ.

ಬಂಗುಡೆ ತಿಂದು ಮುಖ ಕೆಂಪಾಗಿ ತುರಿಸಿದರೆ ಅದು ಅಲರ್ಜಿಯೇ ಆಗಿರಬೇಕಾಗಿಲ್ಲ. ಮಂಜುಗಡ್ಡೆಯಿಲ್ಲದೆ ಬಿಸಿಯಲ್ಲಿ ಉಳಿದ ಬಂಗುಡೆ, ಬೂತಾಯಿ, ಕೇದರ ಮೀನುಗಳಲ್ಲಿ ಬ್ಯಾಕ್ಟೀರಿಯಾಗಳು ಹಿಸ್ಟಮಿನನ್ನೇ ಉತ್ಪಾದಿಸುತ್ತವೆ. ಬೇಯಿಸಿದರೂ ಅದು ಹೋಗದು. ತಿಂದ ಮನೆಮಂದಿಗೆಲ್ಲ ಹಾಗಾಗಿದ್ದರೆ ತಪ್ಪು ಮೀನಿನ ತಾಜಾತನದ್ದು.

ಎಚ್ಚರ: ಆಹಾರ, ಔಷಧಿ ಅಥವಾ ಕಣಜದ ಕಡಿತದ ಬಳಿಕ ಗಂಟಲು ಕಟ್ಟುವುದು, ಸ್ವರ ಬದಲಾಗುವುದು, ಉಸಿರು ಸಿಕ್ಕುವುದು, ತಲೆ ತಿರುಗಿ ಬೀಳುವುದು ಆದರೆ ಜೀವಕ್ಕೆ ಅಪಾಯ. ಇದಕ್ಕೆ ಮದ್ದು ಅಡ್ರಿನಲಿನ್ ಇಂಜೆಕ್ಷನ್, ಮಾತ್ರೆಯಲ್ಲ. ತಡಮಾಡದೆ 108ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ. ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಿ. ಉಸಿರು ಕಷ್ಟವಾದರೆ ಒರಗಿ ಕೂರಲಿ. ನಡೆಸಬೇಡಿ.

ಒಂದೇ ಕ್ರಮ ಸಾಲದು

ಇಷ್ಟೆಲ್ಲ ಮಾಡಿದರೆ ಪ್ರಯೋಜನವಿದೆಯೇ? ಇದು ನ್ಯಾಯವಾದ ಪ್ರಶ್ನೆ. ಹಾಸಿಗೆಯ ಹೊದಿಕೆಯನ್ನು ಮಾತ್ರ ಕೊಟ್ಟು 1,122 ಮಂದಿ ವಯಸ್ಕ ಉಬ್ಬಸ ರೋಗಿಗಳನ್ನು ಬ್ರಿಟನ್ನಿನಲ್ಲಿ ಪರೀಕ್ಷಿಸಿದಾಗ ಏನೂ ಲಾಭ ಕಾಣಲಿಲ್ಲವೆಂದು 2003ರಲ್ಲಿ ವರದಿಯಾಯಿತು. ಮರುವರ್ಷ ಅಮೆರಿಕದ ಏಳು ನಗರಗಳ 937 ಮಕ್ಕಳ ಅಧ್ಯಯನ ಪ್ರಕಟವಾಯಿತು. ಅಲ್ಲಿ ಪ್ರತೀ ಮಗುವಿಗೆ ಯಾವುದರ ಅಲರ್ಜಿ ಇದೆಯೆಂದು ನೋಡಿ, ಹಾಸಿಗೆ, ಜಿರಳೆ, ಹೊಗೆ, ಧೂಳು ಎಲ್ಲವನ್ನೂ ಒಟ್ಟಿಗೆ ಸರಿಪಡಿಸಲಾಯಿತು. ಎರಡು ವಾರಗಳಲ್ಲಿ ಉಬ್ಬಸದ ಲಕ್ಷಣವಿದ್ದ ದಿನಗಳು ಇತರ ಮಕ್ಕಳಲ್ಲಿ ಸರಾಸರಿ 4.20 ಇದ್ದರೆ, ಈ ಮಕ್ಕಳಲ್ಲಿ 3.39ಕ್ಕೆ ಇಳಿಯಿತು. ಪವಾಡವಲ್ಲ, ಆದರೆ ವರ್ಷದ ಲೆಕ್ಕದಲ್ಲಿ ಸುಮಾರು ಮೂರು ವಾರ ನೆಮ್ಮದಿ.

ಇದರಿಂದ ಎರಡು ಪಾಠ. ಮೊದಲನೆಯದು, ನಿಮಗೆ ಯಾವುದು ಆಗುವುದಿಲ್ಲವೆಂದು ಮೊದಲು ತಿಳಿಯಿರಿ. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಒಂದು ತಿಂಗಳು ಬರೆದಿಡಿ: ಸೀನು, ಕೆಮ್ಮು ಬಂದದ್ದು ಎಷ್ಟು ಗಂಟೆಗೆ, ಎಲ್ಲಿ, ಏನು ಮಾಡುತ್ತಿದ್ದಾಗ. ವೈದ್ಯರಿಗೆ ಇದು ಬಹಳ ಸಹಾಯ. ಚರ್ಮದ ಪರೀಕ್ಷೆಗೆ ಹೋಗುವುದಾದರೆ ಅಲರ್ಜಿ ಮಾತ್ರೆಯನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಕೇಳಿಕೊಳ್ಳಿ. ಎರಡನೆಯದು, ಇಡೀ ಮನೆ ಬೇಡ, ಮಲಗುವ ಕೋಣೆಯಿಂದ ಆರಂಭಿಸಿ. ಖರ್ಚಿಲ್ಲದ ಕೆಲಸಗಳು ಮೊದಲು, ಸಾವಿರಾರು ರೂಪಾಯಿಯ ಗಾಳಿ ಶುದ್ಧೀಕರಣ ಯಂತ್ರ ಕೊನೆಗೆ.

ಔಷಧಿ ಬಿಡಬೇಡಿ

ಮನೆ ಶುಚಿಯಾಯಿತೆಂದು ಔಷಧಿ ನಿಲ್ಲಿಸುವುದು ಅಪಾಯ. ಇನ್ಹೇಲರ್ ಅಭ್ಯಾಸವಾಗುವ ವಸ್ತುವಲ್ಲ. ಮಾತ್ರೆಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಇಡೀ ಮೈಗೆ ಹೋಗುವ ಔಷಧಿ, ಇನ್ಹೇಲರಿನಲ್ಲಿ ಅದರ ಸಾವಿರದ ಒಂದು ಪಾಲಾದ ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರ ಶ್ವಾಸನಾಳಕ್ಕೆ ತಲುಪುತ್ತದೆ. ಮಕ್ಕಳಿಗೆ ಸ್ಪೇಸರ್ ಎಂಬ ಕೊಳವೆಯ ಮೂಲಕ ಕೊಡಬೇಕು. ಮೂಗಿನ ಸ್ಪ್ರೇಯನ್ನು ವೈದ್ಯರು ಹೇಳಿದಷ್ಟು ದಿನ ತಪ್ಪದೆ ಬಳಸಿದರೆ ಮಾತ್ರ ಗುಣ. ನಿದ್ದೆ ಬರಿಸುವ ಹಳೆಯ ಅಲರ್ಜಿ ಮಾತ್ರೆ ತಿಂದು ವಾಹನ ಓಡಿಸಬೇಡಿ. ಮೂಗನ್ನು ಉಪ್ಪುನೀರಿನಲ್ಲಿ ತೊಳೆಯುವವರು ಕುದಿಸಿ ಆರಿಸಿದ ನೀರನ್ನೇ ಬಳಸಿ, ಬಾವಿ ನೀರನ್ನು ನೇರವಾಗಿ ಮೂಗಿಗೆ ಹಾಕಬೇಡಿ.

ಮದುವೆಗೆ ಅಡ್ಡಿಯಾದೀತೆಂದು ಹೆಣ್ಣುಮಕ್ಕಳ ಇನ್ಹೇಲರನ್ನು ಬ್ಯಾಗಿನ ಅಡಿಯಲ್ಲಿ ಅಡಗಿಸುವ ಮನೆಗಳಿವೆ. ಕನ್ನಡಕ ಹಾಕುವುದರಲ್ಲಿ ನಾಚಿಕೆಯಿಲ್ಲದಿದ್ದರೆ ಇದರಲ್ಲಿ ಏಕೆ?

ಧರ್ಮಕೇಂದ್ರಗಳಲ್ಲಿ ಮಾಡಬಹುದಾದದ್ದು

ಮನೆಯಲ್ಲಿ ಹೇಳಿದ ಮಾತು ದೇವಾಲಯ, ಸಭಾಭವನ, ಧರ್ಮೋಪದೇಶದ ಕೊಠಡಿಗಳಿಗೂ ಅನ್ವಯಿಸುತ್ತದೆ. ಪೂಜಾ ಸೇವಕ ಮಕ್ಕಳ ನಿಲುವಂಗಿಗಳು ತೇವದ ಕಪಾಟಿನಲ್ಲಿ ತಿಂಗಳುಗಟ್ಟಲೆ ಇರದೆ ಆಗಾಗ ಒಗೆದು ಒಣಗಲಿ. ಧೂಪ ಹಾಕುವ ದಿನ ಕಿಟಕಿಗಳು ತೆರೆದಿರಲಿ, ಉಬ್ಬಸ ಇರುವ ಮಗುವಿಗೆ ಧೂಪದ ಬದಲು ಮೋಂಬತ್ತಿ ಹಿಡಿಯುವ ಸೇವೆ ಕೊಡಬಹುದು. ಹಳೆಯ ಕಾರ್ಪೆಟ್ ಬಿಸಿಲು ಕಾಣಲಿ. ಗಾಯನ ಮಂಡಳಿಯ ಹಳೆಯ ಪುಸ್ತಕಗಳಿಗೆ ಬೂಷ್ಟು ಹಿಡಿದಿದ್ದರೆ ಬದಲಿಸಲಿ. ಹಬ್ಬದ ಊಟದಲ್ಲಿ ಸಿಗಡಿ, ಗೇರುಬೀಜ, ಮೊಟ್ಟೆ ಇರುವ ಪದಾರ್ಥಗಳನ್ನು ಬಡಿಸುವವರು ತಿಳಿದಿರಲಿ. ವಾಳೆಯ ಗುರಿಕಾರರು ಮನೆ ಭೇಟಿಗೆ ಹೋದಾಗ ಯಾರಿಗೆ ಉಬ್ಬಸವಿದೆ, ರಾತ್ರಿ ಹೊತ್ತು ವಾಹನದ ಅನುಕೂಲ ಯಾರಿಗಿಲ್ಲ ಎಂದು ತಿಳಿದುಕೊಂಡರೆ ಒಂದು ಜೀವ ಉಳಿದೀತು.

ನಮ್ಮ ಅಕ್ಕನ ಮಗನ ಕೋಣೆ ಈಗ ಬಚ್ಚಲಿನಿಂದ ದೂರ, ಮನೆಯ ಮುಂಭಾಗದಲ್ಲಿದೆ. ಹಾಸಿಗೆಗೆ ಅಜ್ಜಿ ಹೊಲಿದ ಹೊದಿಕೆ, ಸೊಳ್ಳೆಬತ್ತಿಯ ಬದಲು ಪರದೆ, ಕಿಟಕಿಯ ಬಳಿ ಎಲ್ಲರಿಗೂ ಕಾಣುವಂತೆ ಇನ್ಹೇಲರ್. ಅವನಿಗೆ ಅಲರ್ಜಿ ಹೋಗಿಲ್ಲ. ಕಳೆದ ಮಳೆಗಾಲದಲ್ಲಿಯೂ ಸೀನಿದ, ನಾಲ್ಕು ದಿನ ಶಾಲೆಗೆ ಹೋಗಲಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ರಿಕ್ಷಾ ಕರೆಯುವ ಸಂದರ್ಭ ಬರಲಿಲ್ಲ. ಮುಂದಿನ ಮಳೆಗೆ ಮೊದಲು ನಿಮ್ಮ ಮನೆಯ ಮಲಗುವ ಕೋಣೆಯನ್ನೂ ಒಮ್ಮೆ ನೋಡಿ.